ತಾಂಡೂರಿನ ಕಲ್ಲು, ಸದಾಶಿವಪೇಟೆಯ ಟಯರು, ನಮ್ಮ ತೋಟದ ದೋಟಿ

ನಮ್ಮ ಜಿಲ್ಲೆಯಲ್ಲಿ ಈಚೆಗೆ ಹೊಸ ಮನೆ ಕಟ್ಟಿದವರ ಅಂಗಳಕ್ಕೆ ಕಾಲಿಟ್ಟರೆ ಅನೇಕ ಕಡೆ ಮೊದಲು ಕಾಣುವುದು ತಾಂಡೂರು ಕಲ್ಲು. ಸಗಣಿ ಸಾರಿಸಿದ ಅಂಗಳದ ಕಾಲ ಹೋಯಿತು, ಸಿಮೆಂಟು ಅಂಗಳದ ಕಾಲವೂ ಹಿಂದಾಯಿತು. ಈಗ ಬೂದು ನೀಲಿ ಬಣ್ಣದ ಚಪ್ಪಡಿಗಳನ್ನು ಲಾರಿಯಲ್ಲಿ ತರಿಸಿ, ನಡುವೆ ಹುಲ್ಲು ನೆಟ್ಟು, ಅಡಿಕೆ ಒಣಗಿಸುವ ಜಾಗವನ್ನು ಬೇರೆ ಕಡೆಗೆ ಸಾಗಿಸುವುದು ರೂಢಿಯಾಗಿದೆ. ಈ ಕಲ್ಲು ಎಲ್ಲಿಂದ ಬಂತು ಎಂದು ಕೇಳಿದರೆ 'ತಾಂಡೂರಿನಿಂದ' ಎನ್ನುತ್ತಾರೆ. ತಾಂಡೂರು ಎಲ್ಲಿದೆ ಎಂದು ಕೇಳಿದರೆ ಉತ್ತರ ಬರುವುದು ಕಡಿಮೆ.

ಆ ಊರಿಗೂ ನಮಗೂ ಕಲ್ಲಿಗಿಂತ ಹಳೆಯ ನಂಟೊಂದಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣೆ ಕಾನೂನಿನ ಪ್ರಕಾರ, ಹೈದರಾಬಾದು ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ಇವೆಲ್ಲ ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ಈಗ ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಯಲ್ಲೂ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲೂ ಇವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು ಆಡುವ ಕುಟುಂಬಗಳು ಅಲ್ಲಿ ಇಂದಿಗೂ ಇವೆ. ಮನೆಯಲ್ಲಿ ಕನ್ನಡ ಇಲ್ಲವೆ ತುಳು, ಕಚೇರಿಯಲ್ಲಿ ಮಲಯಾಳ ಆಡುವ ನಮಗೆ ಅವರ ಸ್ಥಿತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಲೇಖನ ಗಡಿಯ ರಾಜಕೀಯದ್ದಲ್ಲ. ಎಂಜಿನಿಯರಿಂಗಿನ ಒಂದು ವಿಷಯವನ್ನು ನಮ್ಮ ಮನೆಮಂದಿಗೆ ತಿಳಿಯುವಂತೆ ಹೇಳಬೇಕೆಂದು ಹೊರಟಾಗ, ಅದಕ್ಕೆ ಬೇಕಾದ ಉದಾಹರಣೆಗಳೆಲ್ಲ ಆ ಮೂರು ಊರುಗಳ ಸುತ್ತಮುತ್ತಲೇ ಸಿಕ್ಕಿದವು. ವಿಷಯ ಇದು: ಎರಡು ಬೇರೆ ಬೇರೆ ವಸ್ತುಗಳನ್ನು, ಒಂದರ ಗುಣ ಇನ್ನೊಂದರಲ್ಲಿ ಕರಗಿ ಹೋಗದಂತೆ ಜೋಡಿಸಿ, ಎರಡಕ್ಕೂ ಒಂಟಿಯಾಗಿ ಇಲ್ಲದ ಶಕ್ತಿಯನ್ನು ಪಡೆಯುವುದು ಹೇಗೆ? ಹೀಗೆ ಮಾಡಿದ ವಸ್ತುವಿಗೆ ಇಂಗ್ಲಿಷಿನ ಕಾಂಪೋಸಿಟ್ ಎಂಬ ಹೆಸರು ಈಗ ಕನ್ನಡದಲ್ಲೂ ಓಡಾಡುತ್ತಿದೆ. ನಾವು ಇಲ್ಲಿ 'ಸಂಯೋಜಿತ ವಸ್ತು' ಎನ್ನೋಣ. ಶಾಲೆಯ ರಸಾಯನಶಾಸ್ತ್ರದಲ್ಲಿ 'ಸಂಯುಕ್ತ' ಎಂದರೆ ಬೇರೆಯೇ ಅರ್ಥ. ಉಪ್ಪು ಸಂಯುಕ್ತ, ನೀರು ಸಂಯುಕ್ತ. ಆ ಮಾತನ್ನು ಇಲ್ಲಿ ತಂದರೆ ಮಕ್ಕಳಿಗೆ ಗೊಂದಲವಾದೀತು.

ಮಣ್ಣಿನ ಗೋಡೆಯ ಪಾಠ

ಬೀದರ, ನಾರಾಯಣಖೇಡದ ಕಡೆಯ ಹಳೆಯ ಮನೆಗಳು ನಮ್ಮವುಗಳಂತೆ ಇಳಿಜಾರು ಮಾಡಿನವಲ್ಲ. ಮಳೆ ಕಡಿಮೆಯಾದ್ದರಿಂದ ಅವು ಮಾಳಿಗೆ ಮನೆಗಳು. ಮರದ ತೊಲೆಗಳ ಮೇಲೆ ಅಡ್ಡಪಟ್ಟಿ ಅಥವಾ ಕಲ್ಲುಚಪ್ಪಡಿ, ಅದರ ಮೇಲೆ ದಪ್ಪನಾಗಿ ಮೆತ್ತಿದ ಮಣ್ಣು. ಗೋಡೆಗೂ ಮಾಳಿಗೆಗೂ ಬಳಸುವ ಮಣ್ಣಿಗೆ ಹೊಟ್ಟು, ಹುಲ್ಲಿನ ಚೂರು ಸೇರಿಸಿ ತುಳಿದು ಹದ ಮಾಡುತ್ತಾರೆ. ನಮ್ಮ ಹಿರಿಯರೂ ಮಣ್ಣಿನ ಗೋಡೆಗೆ ಬೈಹುಲ್ಲು ಸೇರಿಸುತ್ತಿದ್ದರು.

ಹುಲ್ಲು ಏಕೆ? ಬರೀ ಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಮೇಲಿನಿಂದ ಒತ್ತಿದರೆ ಮಣ್ಣು ತಡೆದೀತು, ಎಳೆದರೆ ತಡೆಯದು. ಹುಲ್ಲಿನ ಗುಣ ಇದಕ್ಕೆ ತಿರುಗುಮುರುಗು. ಒತ್ತಿದರೆ ಮಡಚಿಕೊಳ್ಳುತ್ತದೆ, ಎಳೆದರೆ ಬೇಗ ತುಂಡಾಗದು. ಎರಡನ್ನೂ ಕಲಸಿದಾಗ ಮಣ್ಣಿನಲ್ಲಿ ಹುಟ್ಟಿದ ಸಣ್ಣ ಬಿರುಕು ಮುಂದೆ ಹರಿಯುತ್ತಾ ಒಂದು ಹುಲ್ಲುಕಡ್ಡಿಗೆ ಎದುರಾಗುತ್ತದೆ. ಆ ಕಡ್ಡಿ ಬಿರುಕಿನ ಎರಡು ದಂಡೆಗಳನ್ನೂ ಹಿಡಿದು ನಿಲ್ಲಿಸುತ್ತದೆ. ಬಿರುಕು ದೊಡ್ಡದಾಗದೆ ಅಲ್ಲೇ ಉಳಿಯುತ್ತದೆ.

ಸಂಯೋಜಿತ ವಸ್ತುವಿನ ಶಾಸ್ತ್ರವೆಲ್ಲ ಇಷ್ಟರಲ್ಲೇ ಇದೆ. ಎಳೆತವನ್ನು ತಡೆಯುವ ನಾರು ಒಂದು. ಆ ನಾರುಗಳನ್ನು ಸುತ್ತುವರಿದು ಹಿಡಿದಿಡುವ ಅಂಟು ಅಥವಾ ಮೈ ಇನ್ನೊಂದು. ಇವೆರಡೂ ಸಂಧಿಸುವ ಗಡಿ ಮೂರನೆಯದು. ನಾರು ಎಷ್ಟೇ ಗಟ್ಟಿಯಾಗಿರಲಿ, ಮೈ ಎಷ್ಟೇ ಚೆನ್ನಾಗಿರಲಿ, ಗಡಿಯಲ್ಲಿ ಹಿಡಿತ ಇಲ್ಲದಿದ್ದರೆ ನಾರು ಜಾರಿ ಹೊರಗೆ ಬರುತ್ತದೆ. ಆಮೇಲೆ ಎರಡೂ ಬೇರೆ ಬೇರೆಯೇ.

ಪ್ರಕೃತಿ ಇದನ್ನು ಮೊದಲೇ ಮಾಡಿಟ್ಟಿದೆ. ಬಿದಿರನ್ನು ಸೀಳಿ ನೋಡಿ, ಹಳೆಯ ಅಡಿಕೆಮರವನ್ನು ಸಲಕೆ ಮಾಡುವಾಗ ನೋಡಿ. ಮೆತ್ತನೆಯ ತಿರುಳಿನ ನಡುವೆ ಗಟ್ಟಿ ನಾರಿನ ಎಳೆಗಳು ಬುಡದಿಂದ ತುದಿಯವರೆಗೆ ಓಡಿರುತ್ತವೆ. ಹೊರಮೈಯಲ್ಲಿ ಎಳೆಗಳು ಒತ್ತೊತ್ತಾಗಿ, ಒಳಗೆ ವಿರಳವಾಗಿ ಇರುತ್ತವೆ. ಗಾಳಿಗೆ ಬಾಗುವ ಮರದಲ್ಲಿ ಎಳೆತ ಹೆಚ್ಚು ಬೀಳುವುದು ಹೊರಮೈಗೇ.

ಬಿದರಿ ಹೂಜಿಯಲ್ಲಿ ಎರಡು ಬಗೆ

ಕೂಡಿಸುವುದರಲ್ಲೂ ಎರಡು ಬಗೆಯಿದೆ. ಅದನ್ನು ತೋರಿಸಲು ಬೀದರಿನ ಬಿದರಿ ಪಾತ್ರೆಗಿಂತ ಒಳ್ಳೆಯ ಉದಾಹರಣೆ ನಮಗೆ ಹೊಳೆಯಲಿಲ್ಲ. 1956ರವರೆಗೆ ಜಹೀರಾಬಾದ್, ನಾರಾಯಣಖೇಡಗಳಿಗೆ ಜಿಲ್ಲಾ ಕೇಂದ್ರವಾಗಿದ್ದುದು ಅದೇ ಬೀದರ. ಜಹೀರಾಬಾದಿನಿಂದ ಬೀದರಕ್ಕೆ ಇರುವ ದೂರ ಸುಮಾರು 30 ಕಿಲೋಮೀಟರು.

ಬಿದರಿಯ ಕುಶಲಕರ್ಮಿ ಮೊದಲು ಹೆಚ್ಚಿನ ಪಾಲು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ ಎರಕ ಹೊಯ್ಯುತ್ತಾನೆ. ಇಲ್ಲಿ ಸತುವೂ ತಾಮ್ರವೂ ಕರಗಿ ಒಂದಾದವು. ಇದು ಮಿಶ್ರಲೋಹ. ಆಮೇಲೆ ಆ ಪಾತ್ರೆಯ ಮೈಮೇಲೆ ಉಳಿಯಿಂದ ಸಣ್ಣ ಗಾಡಿಗಳನ್ನು ಕೆತ್ತಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕುಟ್ಟಿ ಕೂರಿಸುತ್ತಾನೆ. ಬೆಳ್ಳಿ ಕರಗುವುದಿಲ್ಲ, ಬೆಳ್ಳಿಯಾಗಿಯೇ ಉಳಿಯುತ್ತದೆ. ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಸೇರಿಸಿ ಉಜ್ಜಿದಾಗ ಪಾತ್ರೆಯ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಹೊಳೆಯುತ್ತದೆ.

ಅಲಂಕಾರದ ಪಾತ್ರೆಯನ್ನು ಎಂಜಿನಿಯರರು ಸಂಯೋಜಿತ ವಸ್ತು ಎನ್ನಲಾರರು. ಆದರೆ ಕರಗಿ ಒಂದಾಗುವುದಕ್ಕೂ ಬೇರೆಯಾಗಿಯೇ ಇದ್ದು ಕೂಡಿ ಬಾಳುವುದಕ್ಕೂ ಇರುವ ವ್ಯತ್ಯಾಸ ಆ ಒಂದೇ ಹೂಜಿಯಲ್ಲಿ ಕಣ್ಣಿಗೆ ಕಾಣುತ್ತದೆ. ಉಕ್ಕು, ಹಿತ್ತಾಳೆ, ಕಂಚು ಮೊದಲನೆಯ ಬಗೆ. ಹುಲ್ಲು ಕಲಸಿದ ಮಣ್ಣು, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು, ವಿಮಾನದ ರೆಕ್ಕೆ ಎರಡನೆಯ ಬಗೆ.

ತಾಂಡೂರು: ಕಲ್ಲಿನಿಂದ ಕಾಂಕ್ರೀಟಿಗೆ

ತಾಂಡೂರಿನ ಚಪ್ಪಡಿ ಸುಣ್ಣದ ಕಲ್ಲು. ಪದರ ಪದರವಾಗಿ ನೆಲದಲ್ಲಿ ಕೂತಿರುವುದರಿಂದ ಅದನ್ನು ಹಲಗೆಯಂತೆ ಎಬ್ಬಿಸಬಹುದು. ಗಡಿಯಾಚೆಯ ಶಹಾಬಾದಿನ ಕಲ್ಲೂ ಇದೇ ಬಳಗದ್ದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ತಾಂಡೂರು ಆ ದಾರಿಯ ನಿಲ್ದಾಣವಾದುದರಿಂದ ಕಲ್ಲಿಗೆ ದೂರದ ಪೇಟೆ ಸಿಕ್ಕಿತು. ತಾಂಡೂರಿನ ತೊಗರಿಯೂ ಹೆಸರಾದದ್ದೇ, 2022ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಬಂತು. ಆದರೆ ನಮ್ಮ ಅಂಗಳಕ್ಕೆ ಬಂದದ್ದು ಕಲ್ಲು.

ಈ ಚಪ್ಪಡಿಯನ್ನು ನೆಲಕ್ಕೆ ಹಾಸಿದರೆ ಅದರ ಮೇಲೆ ಜೀಪು ಓಡಿಸಬಹುದು. ಎರಡು ಕಲ್ಲುಗಳ ಮೇಲೆ ಸೇತುವೆಯಂತೆ ಇಟ್ಟು ನಡುವೆ ಭಾರ ಹಾಕಿದರೆ ಠಣ್ಣೆಂದು ತುಂಡಾಗುತ್ತದೆ. ಕಾರಣ, ಬಾಗುವಾಗ ಚಪ್ಪಡಿಯ ಮೇಲ್ಮೈ ಒತ್ತಡಕ್ಕೂ ಕೆಳಮೈ ಎಳೆತಕ್ಕೂ ಸಿಗುತ್ತದೆ. ಕಲ್ಲಿಗೆ ಎಳೆತ ಆಗದು.

ಅದೇ ಸುಣ್ಣದ ಕಲ್ಲನ್ನು ಪುಡಿಮಾಡಿ, ಜೇಡಿಯಂಥ ಮಣ್ಣಿನೊಂದಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು, ಬಂದ ಉಂಡೆಗಳನ್ನು ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟು. ತಾಂಡೂರಿನ ಬಳಿಯ ಕರಣಕೋಟೆಯಲ್ಲಿ ಕೇಂದ್ರ ಸರಕಾರದ ಸಿಮೆಂಟ್ ಕಾರ್ಪೊರೇಶನ್ನಿನ ಕಾರ್ಖಾನೆಯಿದೆ. ಸುಡುವ ಮಿಶ್ರಣದಲ್ಲಿ ಕಬ್ಬಿಣದ ಅಂಶ ಸಾಲದೆ ಬಂದರೆ ಸಿಮೆಂಟು ಕಾರ್ಖಾನೆಗಳು ಮುರಕಲ್ಲಿನ ಪುಡಿಯನ್ನೂ ಸೇರಿಸುವುದುಂಟು. ನಮ್ಮ ಊರಿನ ಮುರಕಲ್ಲೇ ಬೀದರ, ಜಹೀರಾಬಾದಿನ ಎತ್ತರದ ನೆಲದಲ್ಲೂ ಇದೆ ಎಂಬುದು ಅನೇಕರಿಗೆ ಗೊತ್ತಿರಲಾರದು. ಬೀದರ ಕೋಟೆಗೂ ಆ ಕೆಂಪು ಕಲ್ಲನ್ನು ಬಳಸಿದ್ದಾರೆ.

ಸಿಮೆಂಟು, ಹೊಯಿಗೆ, ಜಲ್ಲಿ, ನೀರು ಸೇರಿದ ಕಾಂಕ್ರೀಟು ತಾನೇ ಒಂದು ಸಂಯೋಜಿತ ವಸ್ತು. ಆದರೂ ಅದರದು ಕಲ್ಲಿನ ಸ್ವಭಾವವೇ. ಎಳೆತವನ್ನು ತಡೆಯುವ ಬಲ, ಒತ್ತಡವನ್ನು ತಡೆಯುವ ಬಲದ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಫ್ರಾನ್ಸಿನ ಜೋಸೆಫ್ ಮೊನಿಯೇ ಎಂಬ ತೋಟಗಾರ ತನ್ನ ಗಿಡದ ತೊಟ್ಟಿಗಳು ಒಡೆಯುವುದನ್ನು ತಡೆಯಲು ಸಿಮೆಂಟಿನೊಳಗೆ ಕಬ್ಬಿಣದ ಬಲೆ ಇಟ್ಟ. 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಎಳೆತ ಎಲ್ಲಿ ಬೀಳುತ್ತದೋ ಅಲ್ಲಿ ಕಬ್ಬಿಣ ಇರಬೇಕು ಎಂಬುದೇ ಇಂದಿನ ನಮ್ಮ ತಾರಸಿ, ಬೀಮುಗಳ ಮೂಲತತ್ತ್ವ.

ಈ ಜೋಡಿ ಏಕೆ ಹೊಂದಿತು? ಬಿಸಿಲಿಗೆ ಕಾದಾಗ ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಒಂದು ಹೆಚ್ಚು ಇನ್ನೊಂದು ಕಡಿಮೆ ಹಿಗ್ಗಿದ್ದರೆ ಗಡಿ ಬಿಟ್ಟುಕೊಳ್ಳುತ್ತಿತ್ತು. ಜತೆಗೆ ಸಿಮೆಂಟಿನ ಕ್ಷಾರಗುಣ ಕಬ್ಬಿಣಕ್ಕೆ ತುಕ್ಕು ಬಾರದಂತೆ ಕಾಯುತ್ತದೆ.

ಆದರೆ ನಮ್ಮಂಥ ಕಡಲತೀರದ ಜಿಲ್ಲೆಯಲ್ಲಿ ಒಂದು ಆಪತ್ತಿದೆ. ಉಪ್ಪುಗಾಳಿಯ, ಉಪ್ಪುನೀರಿನ ಕ್ಲೋರೈಡು ಕಾಂಕ್ರೀಟಿನೊಳಗೆ ಇಳಿದು ಸರಳನ್ನು ಮುಟ್ಟಿದರೆ ಆ ಕಾವಲು ಮುರಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸಿಡಿಸುತ್ತದೆ. ಹಳೆಯ ಸನ್‌ಶೇಡಿನ ಅಡಿಯಿಂದ ಚಕ್ಕೆ ಉದುರಿ ಕೆಂಪು ಸರಳು ಕಾಣುವುದನ್ನು ನೀವೂ ನೋಡಿರಬಹುದು. ಮನೆ ಕಟ್ಟಿಸುವವರು ನೆನಪಿಡಬೇಕಾದ್ದು ಇಷ್ಟು: ಕಡಲ ಹೊಯಿಗೆಯನ್ನೂ ಉಪ್ಪುನೀರನ್ನೂ ಬಳಸಬಾರದು. ಸರಳು ಹಲಗೆಗೆ ತಾಗಿ ಕೂರದಂತೆ ಕವರ್ ಬ್ಲಾಕ್ ಇಟ್ಟೇ ಕಾಂಕ್ರೀಟು ಹಾಕಿಸಬೇಕು. ಆಮೇಲೆ ಕಡಿಮೆಯೆಂದರೆ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಮೇಸ್ತ್ರಿ ಅವಸರ ಮಾಡಿದರೆ ಮನೆಯೊಡತಿ ನಿಂತು ಕೇಳಬೇಕು.

ಜಹೀರಾಬಾದಿನ ದಾರಿಯಲ್ಲಿ ಟಯರು

ಜಹೀರಾಬಾದು ಮುಂಬಯಿ ಕಡೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಊರು. 1980ರ ದಶಕದಲ್ಲಿ ಹೈದರಾಬಾದಿನ ಆಲ್ವಿನ್ ಕಂಪನಿ ಜಪಾನಿನ ನಿಸ್ಸಾನಿನ ಜತೆ ಸೇರಿ ಅಲ್ಲಿ ಹಗುರ ಟ್ರಕ್ಕು ಮಾಡಿಸಿತು. ಮುಂದೆ ಆ ಕಾರ್ಖಾನೆ ಮಹೀಂದ್ರದವರ ಕೈಗೆ ಬಂತು. 2010ರ ದಶಕದ ಆರಂಭದಲ್ಲಿ ಅಲ್ಲಿ ಅವರ ಟ್ರ್ಯಾಕ್ಟರ್ ಕಾರ್ಖಾನೆಯೂ ತೆರೆಯಿತು. ಅದೇ ಹೆದ್ದಾರಿಯಲ್ಲಿ ಹೈದರಾಬಾದಿನ ಕಡೆಗೆ ಮುಂದುವರಿದರೆ ಸದಾಶಿವಪೇಟೆಯ ಬಳಿ ಎಂ.ಆರ್.ಎಫ್. ಟಯರು ಕಾರ್ಖಾನೆ ಇದೆ.

ಟಯರನ್ನು ನಾವು ರಬ್ಬರು ಎಂದೇ ತಿಳಿದಿದ್ದೇವೆ. ಬರೀ ರಬ್ಬರಿನದ್ದಾದರೆ ಅದು ಗಾಳಿ ತುಂಬಿದ ಕೂಡಲೇ ಬುಗ್ಗೆಯಂತೆ ಉಬ್ಬಿ ಒಡೆದೀತು. ಟಯರಿನ ಒಳಗೆ ನೈಲಾನ್ ಮೊದಲಾದ ಹುರಿಗಳ ಪದರಗಳಿವೆ. ರೇಡಿಯಲ್ ಟಯರಾದರೆ ಉಕ್ಕಿನ ಸಣ್ಣ ತಂತಿಗಳ ಪಟ್ಟಿಯೂ ಇರುತ್ತದೆ. ಎಳೆತ ಹುರಿಗೆ, ಗಾಳಿ ಸೋರದಂತೆ ಹಿಡಿಯುವುದು ಮತ್ತು ರಸ್ತೆಯ ಉಜ್ಜಾಟ ತಾಳುವುದು ರಬ್ಬರಿಗೆ. ರಬ್ಬರಿನಲ್ಲೂ ಮಸಿಯ ನುಣ್ಣನೆಯ ಪುಡಿ ಬೆರೆತಿರುತ್ತದೆ. ಟಯರು ಕಪ್ಪಾಗಿರುವುದೂ ಬೇಗ ಸವೆಯದಿರುವುದೂ ಅದರಿಂದಲೇ.

ಇಲ್ಲಿಯೂ ಗಡಿಯ ಪ್ರಶ್ನೆ ಬಂತು. ಬರೀ ಉಕ್ಕಿಗೆ ರಬ್ಬರು ಅಂಟುವುದಿಲ್ಲ. ಆದ್ದರಿಂದ ತಂತಿಗೆ ಹಿತ್ತಾಳೆಯ ತೆಳು ಲೇಪ ಕೊಡುತ್ತಾರೆ. ರಬ್ಬರನ್ನು ಬೇಯಿಸಲು ಸೇರಿಸಿದ ಗಂಧಕ ಹಿತ್ತಾಳೆಯ ತಾಮ್ರದೊಂದಿಗೆ ಕೂಡಿ, ಉಕ್ಕು ಮತ್ತು ರಬ್ಬರಿನ ನಡುವೆ ಬಿಡಿಸಲಾರದ ಕೊಂಡಿಯಾಗುತ್ತದೆ. ಕೂದಲೆಳೆಗಿಂತ ಎಷ್ಟೋ ತೆಳುವಾದ ಈ ಲೇಪದ ಮೇಲೆ ಬಸ್ಸಿನ ಅರುವತ್ತು ಜನರ ಪ್ರಾಣ ನಿಂತಿದೆ.

ಭಾರತದ ಸಹಜ ರಬ್ಬರಿನ ಬಹುಪಾಲು ಬರುವುದು ಕೇರಳದಿಂದ. ನಮ್ಮ ಗುಡ್ಡೆಯ ಮರದಲ್ಲಿ ಬೆಳಗಿನ ಜಾವ ಕೆತ್ತಿದ ಹಾಲು, ಶೀಟಾಗಿ, ಲಾರಿ ಹತ್ತಿ, ಕೊನೆಗೆ ಯಾವುದೋ ಕಾರ್ಖಾನೆಯಲ್ಲಿ ಟಯರಾಗಿ, ನಾರಾಯಣಖೇಡದ ಎರೆಭೂಮಿಯಲ್ಲಿ ಟ್ರ್ಯಾಕ್ಟರನ್ನು ಹೊತ್ತು ಓಡುತ್ತಿದ್ದರೂ ಇರಬಹುದು. ಅಲ್ಲಿಯ ಕಲ್ಲು ನಮ್ಮ ಅಂಗಳಕ್ಕೆ, ಇಲ್ಲಿಯ ರಬ್ಬರು ಅವರ ಹೊಲಕ್ಕೆ!

ಗಾಜಿನ ನಾರು, ಇಂಗಾಲದ ನಾರು

ಗಾಜು ಒಡೆಯುವ ವಸ್ತು ಎಂಬುದು ಮಗುವಿಗೂ ಗೊತ್ತು. ಆದರೆ ಇಂಗ್ಲೆಂಡಿನ ಎ.ಎ. ಗ್ರಿಫಿತ್ ಎಂಬ ಎಂಜಿನಿಯರು 1920ರ ಸುಮಾರಿಗೆ ಗಾಜನ್ನು ಕಾಯಿಸಿ ಎಳೆ ಎಳೆದು ಪರೀಕ್ಷಿಸಿದಾಗ, ಎಳೆ ತೆಳುವಾದಷ್ಟೂ ಅದರ ಬಲ ಹೆಚ್ಚಿತು. ಗಾಜು ಒಡೆಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳಿಂದ. ತೆಳು ಎಳೆಯಲ್ಲಿ ದೊಡ್ಡ ಗೀರಿಗೆ ಜಾಗವಿಲ್ಲ. ಇಂಥ ಸಾವಿರಾರು ಎಳೆಗಳನ್ನು ರಾಳದಲ್ಲಿ ನೆನೆಸಿ ಗಟ್ಟಿಮಾಡಿದರೆ ಒಂದು ಎಳೆ ತುಂಡಾದರೂ ಅದರ ಭಾರವನ್ನು ಸುತ್ತಲಿನ ರಾಳ ಪಕ್ಕದ ಎಳೆಗಳಿಗೆ ಹಂಚುತ್ತದೆ. ನಮ್ಮ ಕಡಲತೀರದಲ್ಲಿ ಮರದ ದೋಣಿಗಳ ಜಾಗಕ್ಕೆ ಬಂದ ಫೈಬರ್ ದೋಣಿಗಳು ಹೀಗೆಯೇ ಆದವು. ಅಚ್ಚಿನ ಮೇಲೆ ಗಾಜುನಾರಿನ ಚಾಪೆ ಹಾಸಿ, ರಾಳ ಬಳಿದು, ರೋಲರಿನಿಂದ ಗಾಳಿಗುಳ್ಳೆ ಹೊರಡಿಸಿ, ಮತ್ತೆ ಚಾಪೆ, ಮತ್ತೆ ರಾಳ.

ಗಾಜಿಗಿಂತ ಮೇಲಿನದು ಇಂಗಾಲದ ನಾರು. ಒಂದು ಬಗೆಯ ಕೃತಕ ನೂಲನ್ನು ಗಾಳಿಯಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ, ಇಂಗಾಲವೊಂದೇ ಉಳಿಯುವಂತೆ ಮಾಡುತ್ತಾರೆ. ಈ ನಾರಿನಿಂದ ಮಾಡಿದ ಸಂಯೋಜಿತ ವಸ್ತು ಒಂದು ಲೀಟರಿನಷ್ಟು ಗಾತ್ರಕ್ಕೆ ಸುಮಾರು 1.6 ಕಿಲೊ ತೂಗುತ್ತದೆ. ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಕಿಲೊ, ಉಕ್ಕು 7.8 ಕಿಲೊ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನದ ಕಟ್ಟಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು 45 ಪಾಲು ಇಂಥ ವಸ್ತುವೇ. ಅದರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ದುಡಿಮೆ ಬಹಳವಿದೆ. ನಾರಿನ ಹಾಳೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಗೆ ಹಾಸಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆಯಲ್ಲಿ ಕಾವು, ಒತ್ತಡ ಕೊಟ್ಟು ಬೇಯಿಸುತ್ತಾರೆ. ಹಾಳೆಗಳನ್ನು ಬೇರೆ ಬೇರೆ ದಿಕ್ಕಿಗೆ ಹಾಸುವುದು ಏಕೆಂದರೆ ನಾರು ಓಡಿದ ದಿಕ್ಕಿಗೆ ಮಾತ್ರ ಬಲ, ಅಡ್ಡಕ್ಕೆ ಇಲ್ಲ.

ಜಹೀರಾಬಾದಿನ ಹೆದ್ದಾರಿ ಮುಟ್ಟುವ ಹೈದರಾಬಾದಿನಲ್ಲಿ ಇದೇ ವಿದ್ಯೆಯ ಇನ್ನೊಂದು ಕಥೆ ನಡೆಯಿತು. 1989ರ ಮೇ 22ರಂದು ಅಗ್ನಿ ಕ್ಷಿಪಣಿಯ ಮೊದಲ ಪರೀಕ್ಷೆಯಾಯಿತು. ವಾತಾವರಣಕ್ಕೆ ಮರಳಿ ನುಗ್ಗುವಾಗ ಅದರ ಮೂತಿ ಸುಟ್ಟುಹೋಗದಂತೆ ಕಾಯಲು ಇಂಗಾಲದ ನಾರನ್ನು ಇಂಗಾಲದಲ್ಲೇ ಹುದುಗಿಸಿದ ವಸ್ತುವನ್ನು ಹೈದರಾಬಾದಿನ ರಕ್ಷಣಾ ಪ್ರಯೋಗಾಲಯದವರು ಬೆಳೆಸಿದ್ದರು. ಅದರ ಹಗುರತನವನ್ನು ಕೈಯಲ್ಲಿ ಹಿಡಿದು ನೋಡಿದ ನಿಜಾಂ ವೈದ್ಯವಿಜ್ಞಾನ ಸಂಸ್ಥೆಯ ಮೂಳೆವೈದ್ಯರೊಬ್ಬರು ಎ.ಪಿ.ಜೆ. ಅಬ್ದುಲ್ ಕಲಾಂ ಅವರನ್ನು ತಮ್ಮ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮಕ್ಕಳು ಮೂರು ಕಿಲೊಗಿಂತ ಭಾರದ ಲೋಹದ ಆಸರೆಗಳನ್ನು ಕಾಲಿಗೆ ಕಟ್ಟಿಕೊಂಡು ಎಳೆಯುತ್ತಾ ನಡೆಯುತ್ತಿದ್ದರು. ಮೂರು ವಾರಗಳಲ್ಲಿ 300 ಗ್ರಾಮಿನ ಆಸರೆ ಸಿದ್ಧವಾಯಿತು ಎಂದು ಕಲಾಂ ಅವರು ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಮಕ್ಕಳು ಓಡಾಡುವುದನ್ನು ನೋಡಿ ಹೆತ್ತವರ ಕಣ್ಣಲ್ಲಿ ನೀರು ಬಂತಂತೆ. ಯುದ್ಧದ ವಸ್ತುವಿನ ಅರಿವು ಮಗುವಿನ ಕಾಲಿಗೆ ಬಂದ ಈ ಸಂಗತಿಯನ್ನು ನಾವು ಮತ್ತೆ ಮತ್ತೆ ನೆನೆಯಬೇಕು.

ದೋಟಿ ಹಿಡಿಯುವವರಿಗೆ ಒಂದು ಮಾತು

ಈಗ ನಮ್ಮ ತೋಟಕ್ಕೆ ಬರೋಣ. ಅಡಿಕೆಮರ ಹತ್ತುವವರು ಸಿಗದೆ ಬೆಳೆಗಾರರು ಕಂಗಾಲಾದುದು ಹೊಸತಲ್ಲ. ಮಳೆಗಾಲದಲ್ಲಿ ಜಾರುವ ಮರಕ್ಕೆ ಹತ್ತಿ ಬೋರ್ಡೋ ದ್ರಾವಣ ಬಿಡುವಾಗ ಬಿದ್ದು ಸೊಂಟ ಮುರಿದವರು, ಜೀವ ಬಿಟ್ಟವರು ನಮ್ಮ ಊರುಗಳಲ್ಲೇ ಇದ್ದಾರೆ. ಕೆಲ ವರ್ಷಗಳಿಂದ ಇಂಗಾಲದ ನಾರಿನ ದೋಟಿ ಬಂದಿದೆ. ಒಂದರೊಳಗೊಂದು ಸೇರುವ ಕೊಳವೆಗಳನ್ನು ಎಳೆದು ನಿಲ್ಲಿಸಿದರೆ 60 ಅಡಿಗೂ ಮೇಲೆ ಮುಟ್ಟುತ್ತದೆ. ತೂಕ ಕೆಲವೇ ಕಿಲೊ. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಬಿಡಬಹುದು. ಬೆಲೆ ಹತ್ತಾರು ಸಾವಿರ ರೂಪಾಯಿ, ಕಲಿಯಲು ಕೆಲವು ದಿನದ ಅಭ್ಯಾಸ ಬೇಕು. ಆದರೂ ಮರ ಹತ್ತಲಾರದ ಗೃಹಸ್ಥನೂ ತನ್ನ ಕೊಯ್ಲನ್ನು ತಾನೇ ಮಾಡುವಂತಾಯಿತು. ತೇಜಸ್ಸಿನ ರೆಕ್ಕೆಯ ಬಂಧುವೊಂದು ನಮ್ಮ ಕೈಗೇ ಬಂದಂತಾಯಿತು.

ಆದರೆ ಈ ಮಾತನ್ನು ಪ್ರತಿಯೊಂದು ಮನೆಯವರೂ ಗಟ್ಟಿಯಾಗಿ ತಿಳಿದಿರಬೇಕು: ಇಂಗಾಲದ ನಾರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಅಲ್ಯೂಮಿನಿಯಂ ಕೊಕ್ಕೆ ತಂತಿಗೆ ತಾಗಿ ಪ್ರಾಣ ಹೋದ ಸುದ್ದಿಗಳನ್ನು ನಾವು ಎಷ್ಟೋ ಸಲ ಓದಿದ್ದೇವೆ. 'ಇದು ಲೋಹವಲ್ಲ, ಫೈಬರು, ಏನೂ ಆಗದು' ಎಂದು ಅಂಗಡಿಯಲ್ಲೋ ತೋಟದಲ್ಲೋ ಯಾರಾದರೂ ಹೇಳಿದರೆ ನಂಬಬೇಡಿ. ಗಾಜಿನ ನಾರು ಒಣಗಿದ್ದಾಗ ವಿದ್ಯುತ್ತನ್ನು ತಡೆಯುತ್ತದೆ ನಿಜ. ಇಂಗಾಲದ ನಾರು ತಡೆಯುವುದಿಲ್ಲ. ಎರಡನ್ನೂ ನಾವು 'ಫೈಬರ್' ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಈ ಭ್ರಮೆ ಹುಟ್ಟುತ್ತದೆ. ಹೊರಮೈಗೆ ಗಾಜುನಾರಿನ ಪದರ ಕೊಟ್ಟಿದ್ದರೂ, ಔಷಧಿಯಿಂದ ಒದ್ದೆಯಾದ ದೋಟಿಯನ್ನು ನಂಬಿ ತಂತಿಯ ಬಳಿ ಹೋಗಕೂಡದು. ದೋಟಿ ಅಡ್ಡ ಬಿದ್ದರೆ ಎಷ್ಟು ದೂರ ಮುಟ್ಟುತ್ತದೋ ಅಷ್ಟರೊಳಗೆ ತಂತಿ ಇದ್ದರೆ ಆ ಸಾಲಿನ ಮರಗಳಿಗೆ ಬೇರೆ ಉಪಾಯ ಹುಡುಕಬೇಕು, ಇಲ್ಲವೆ ವಿದ್ಯುತ್ ಕಚೇರಿಗೆ ತಿಳಿಸಿ ಲೈನು ನಿಲ್ಲಿಸಿಯೇ ಕೆಲಸ ಮಾಡಬೇಕು.

ಇನ್ನೂ ಕೆಲವು ಎಚ್ಚರಗಳಿವೆ. ಉಕ್ಕಿನ ಕೊಳವೆ ಪೆಟ್ಟು ಬಿದ್ದರೆ ತಗ್ಗಾಗಿ ತನ್ನ ಗಾಯವನ್ನು ತೋರಿಸುತ್ತದೆ. ಸಂಯೋಜಿತ ವಸ್ತು ಹೊರಗೆ ನುಣ್ಣಗೇ ಇದ್ದು ಒಳಗೆ ಪದರ ಬಿಟ್ಟಿರಬಹುದು. ವಿಮಾನ ರಿಪೇರಿಯವರು ಇಂದಿಗೂ ನಾಣ್ಯದಿಂದ ಮೆಲ್ಲನೆ ತಟ್ಟಿ ಸದ್ದು ಕೇಳುವ ಕ್ರಮವಿದೆ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂದವಾಗಿ ಡಬ್ ಎನ್ನುತ್ತದೆ. ಬಿದ್ದ ದೋಟಿಯನ್ನು ಹೀಗೆ ತಟ್ಟಿ ನೋಡುವುದು ಒಳ್ಳೆಯದು. ತುಂಡಾದ ಕೊಳವೆಯನ್ನು ಗರಗಸದಿಂದ ಕೊಯ್ಯುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿ, ಒದ್ದೆ ಮಾಡಿ ಕೊಯ್ಯಬೇಕು. ಹಳೆಯ ಆಸ್ಬೆಸ್ಟಾಸ್ ಶೀಟೂ ಸಿಮೆಂಟಿನಲ್ಲಿ ನಾರು ಹುದುಗಿಸಿದ ವಸ್ತುವೇ. ಆ ನಾರಿನ ಧೂಳು ಶ್ವಾಸಕೋಶಕ್ಕೆ ಕೇಡು, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಅದನ್ನು ಒಡೆಯುವುದು, ಕೊಯ್ಯುವುದು, ಪುಡಿಮಾಡಿ ದಾರಿಗೆ ಹಾಕುವುದು ಮಾಡಬಾರದು. ಕೆಟ್ಟ ಫೈಬರ್ ದೋಣಿಯಾಗಲಿ ದೋಟಿಯಾಗಲಿ ಕಬ್ಬಿಣದಂತೆ ಕರಗಿ ಮತ್ತೆ ಬಳಕೆಗೆ ಬರುವುದಿಲ್ಲ. ಗಾಳಿಯಂತ್ರದ ಹಳೆಯ ರೆಕ್ಕೆಗಳನ್ನು ಏನು ಮಾಡುವುದೆಂಬ ಚಿಂತೆ ಹೊರದೇಶಗಳಲ್ಲೂ ಇದೆ. ಕೂಡಿಸಲು ಕಲಿತಷ್ಟು ಚೆನ್ನಾಗಿ ಬಿಡಿಸಲು ಮನುಷ್ಯ ಇನ್ನೂ ಕಲಿತಿಲ್ಲ.

ಮನೆಯ ಮಾತು, ಕಾರ್ಖಾನೆಯ ಮಾತು

ಕೊನೆಗೆ ನಮ್ಮ ಮಕ್ಕಳ ವಿಷಯ. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗನೋ ಹುಡುಗಿಯೋ ಐ.ಟಿ.ಐ.ಗೆ, ಪಾಲಿಟೆಕ್ನಿಕ್ಕಿಗೆ ಹೋದಾಗ ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಜಹೀರಾಬಾದಿನ ಕನ್ನಡ ಮನೆಯ ಮಗುವಿಗೆ ಅದೇ ಜಾಗದಲ್ಲಿ ತೆಲುಗು. ಮೊದಲ ವರ್ಷ ಎಷ್ಟೋ ಮಕ್ಕಳು ಪಾಠ ಅರ್ಥವಾಗಲಿಲ್ಲ ಎನ್ನಲು ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಅವರಿಗೆ ಬುದ್ಧಿ ಕಡಿಮೆಯೆಂದು ಮನೆಯವರೇ ತಿಳಿಯುವುದುಂಟು. ಕೊರತೆ ಇರುವುದು ಬುದ್ಧಿಯಲ್ಲಲ್ಲ, ಎರಡು ಮಾತುಗಳು ಸಂಧಿಸುವ ಗಡಿಯಲ್ಲಿ.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಕೆಲಸವಿದೆ. ಎಳೆತ, ಒತ್ತಡ, ಬಿರುಕು, ಪದರ, ನಾರು, ಅಂಟು, ಈ ಮಾತುಗಳೆಲ್ಲ ನಮ್ಮ ಅಜ್ಜಿಯಂದಿರ ಬಾಯಲ್ಲಿದ್ದವೇ. ಗೋಡೆ ಮೆತ್ತುವಾಗ, ಹಗ್ಗ ಹೊಸೆಯುವಾಗ, ಹಾಳೆಯ ಟೊಪ್ಪಿ ಹೊಲಿಯುವಾಗ ಆಡಿದ ಮಾತುಗಳು. ಮಗು ಇಂಗ್ಲಿಷಿನಲ್ಲಿ ಕಲಿತ ಪಾಠವನ್ನು ಸಂಜೆ ಅಪ್ಪಯ್ಯನಿಗೋ ಅಜ್ಜನಿಗೋ ಕನ್ನಡದಲ್ಲಿ ಹೇಳಿಕೊಡಲಿ. ಹೇಳಲು ಬಂದರೆ ಪಾಠ ಬಂತೆಂದೇ ಲೆಕ್ಕ. ಮಲಯಾಳವನ್ನೂ ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಬೆಳ್ಳಿ ತಂತಿ ಬಿದರಿಯ ಮೈಯಲ್ಲಿ ಬಿಗಿಯಾಗಿ ಕೂತಿರಲು ತಾನು ಕರಗಬೇಕಾಗಿಲ್ಲ, ಗಾಡಿ ಸರಿಯಾಗಿ ಕೆತ್ತಿದ್ದರೆ ಸಾಕು.

ಮುಂದಿನ ಸಲ ತಾಂಡೂರು ಕಲ್ಲಿನ ಅಂಗಳದಲ್ಲಿ ಕೂತು ಕೊನೆ ಕೊಯ್ಲಿನ ಮಾತು ತೆಗೆದಾಗ, ದೋಟಿ ಹಿಡಿಯುವವರಿಗೆ ವಿದ್ಯುತ್ ತಂತಿಯ ಮಾತನ್ನು ಅವರವರ ಭಾಷೆಯಲ್ಲಿ ತಪ್ಪದೆ ಹೇಳಿ. ಕನ್ನಡದವರಿಗೆ ಕನ್ನಡದಲ್ಲಿ, ತುಳುವರಿಗೆ ತುಳುವಿನಲ್ಲಿ, ಮಲಯಾಳದವರಿಗೆ ಮಲಯಾಳದಲ್ಲಿ, ದೂರದ ಅಸ್ಸಾಮಿನಿಂದಲೋ ಬಂಗಾಳದಿಂದಲೋ ಬಂದ ಆಳಿಗೆ ನಿಮಗೆ ಬಂದಷ್ಟು ಹಿಂದಿಯಲ್ಲಿ. ಎಲ್ಲರೂ ಸಂಜೆ ನೆಟ್ಟಗೆ ಮನೆ ಸೇರಲಿ.